ಹತ್ತು ಮೀಟರೋ, ಇಪ್ಪತ್ತೈದೋ?

ಚಲನಚಿತ್ರದ ನಾಯಕನು ಓಡುವ ಕುದುರೆಯ ಮೇಲಿಂದಲೇ ಪಿಸ್ತೂಲನ್ನೆತ್ತಿ ಒಂದು ಗುಂಡು ಹಾರಿಸುತ್ತಾನೆ. ನೂರು ಗಜದಾಚೆ ನಿಂತ ಖಳನ ಟೋಪಿ ಹಾರಿಹೋಗುತ್ತದೆ. ಮಂದಿರದಲ್ಲಿ ಕುಳಿತ ಯಾರಿಗೂ ಇದರಲ್ಲಿ ಸಂದೇಹ ಹುಟ್ಟುವುದಿಲ್ಲ. ಗುಂಡು ಎಂಬುದು ನೆಟ್ಟಗೆ ಹೋಗುವ ವಸ್ತು, ಕಣ್ಣು ನೆಟ್ಟ ಕಡೆಗೆ ಅದು ಹೋಗಿಯೇ ತೀರಬೇಕು ಎಂಬುದು ಲೋಕರೂಢಿಯ ನಂಬಿಕೆ. ಆದರೆ ಪಿಸ್ತೂಲು ಹಿಡಿದು ವರ್ಷಗಟ್ಟಲೆ ಸಾಧನೆ ಮಾಡಿದ ಕ್ರೀಡಾಪಟುಗಳು ಬೇರೆಯೇ ಮಾತನ್ನು ಹೇಳುತ್ತಾರೆ. ಗುಂಡು ನೆಟ್ಟಗೆ ಹೋಗುವುದೇ ಇಲ್ಲ; ಕಣ್ಣಿನ ಗೆರೆಯೂ ಗುಂಡಿನ ದಾರಿಯೂ ಒಂದೇ ಅಲ್ಲ; ಇವೆರಡೂ ಎಷ್ಟು ದೂರದಲ್ಲಿ ಕೂಡಬೇಕೆಂಬುದನ್ನು ಹಾರಿಸುವವನೇ ಮುಂಚಿತವಾಗಿ ನಿಶ್ಚಯಿಸಿಕೊಳ್ಳಬೇಕು. ಹಾಗೆ ನಿಶ್ಚಯಿಸಿಕೊಂಡ ದೂರಕ್ಕೆ ಅವರ ಪರಿಭಾಷೆಯಲ್ಲಿ 'ಸೊನ್ನೆಯ ದೂರ' ಎಂದು ಹೆಸರು. ಪರೀಕ್ಷೆಯಲ್ಲಿ ಸೊನ್ನೆ ಪಡೆದವನಿಗೆ ಮನೆಯಲ್ಲಿ ಮಂಗಳಾರತಿ ತಪ್ಪದು. ಗುರಿಯ ಮೈದಾನದಲ್ಲಾದರೋ ಸೊನ್ನೆ ಇಲ್ಲದವನಿಗೆ ಅಂಕವೇ ಇಲ್ಲ. ಕಣ್ಣು ನೋಡಿದ ಬಿಂದುವಿಗೂ ಗುಂಡು ತಾಕಿದ ಬಿಂದುವಿಗೂ ನಡುವಣ ಅಂತರ ಸೊನ್ನೆಯಾಗುವ ಸ್ಥಳವೆಂಬುದೇ ಈ ಹೆಸರಿನ ಅರ್ಥ.

ಸೈಟು ಎಂಬ ಸಾಧನ

ಸೈಟು ಎಂದೊಡನೆ ಬೆಂಗಳೂರಿನ ಗೃಹಸ್ಥರ ಕಣ್ಣ ಮುಂದೆ ಮೂವತ್ತು ನಲವತ್ತು ಅಡಿಗಳ ನಿವೇಶನವೊಂದು ಬಂದು ನಿಲ್ಲುವುದು ಸಹಜವೇ. ಇಲ್ಲಿ ಹೇಳುತ್ತಿರುವ ಸೈಟು ಅದಲ್ಲ. ಪಿಸ್ತೂಲಿನ ನಳಿಗೆಯ ತುದಿಯಲ್ಲಿ ಮೇಲ್ಗಡೆ ಸಣ್ಣದೊಂದು ಮೊನೆ ಇರುತ್ತದೆ; ಹಿಂಬದಿಯಲ್ಲಿ, ಹಿಡಿಯ ಮೇಲೆ, ಚೌಕವಾದೊಂದು ಕಚ್ಚು ಇರುತ್ತದೆ. ಕಚ್ಚಿನ ನಡುವೆ ಮೊನೆ ಕಾಣಬೇಕು. ಮೊನೆಯ ಎರಡು ಪಕ್ಕದಲ್ಲೂ ಬೆಳಕಿನ ಗೆರೆ ಸಮನಾಗಿರಬೇಕು. ಎರಡರ ನೆತ್ತಿಯೂ ಒಂದೇ ಮಟ್ಟದಲ್ಲಿರಬೇಕು. ಹಾಗೆ ಹೊಂದಿಸಿಕೊಂಡಾಗ ಕಣ್ಣಿನಿಂದ ಗುರಿಯವರೆಗೆ ಎಳೆದ ನೇರವಾದ ಗೆರೆಯೇ ದೃಷ್ಟಿರೇಖೆ.

ಈ ರೇಖೆ ನಳಿಗೆಯ ಒಳಗೆ ಹಾದುಹೋಗುವಂತಿಲ್ಲ. ಅದು ನಳಿಗೆಗಿಂತ ಮೇಲಿರಲೇಬೇಕು. ಸಾಧಾರಣ ಪಿಸ್ತೂಲಿನಲ್ಲಿ ದೃಷ್ಟಿರೇಖೆಯು ನಳಿಗೆಯ ನಡುಮಧ್ಯಕ್ಕಿಂತ ಒಂದೂವರೆ ಸೆಂಟಿಮೀಟರಿನಷ್ಟು ಎತ್ತರದಲ್ಲಿರುತ್ತದೆ ಎಂದಿಟ್ಟುಕೊಳ್ಳಬಹುದು. ಎಂದರೆ, ಗುಂಡು ತನ್ನ ಪ್ರಯಾಣವನ್ನು ಕಣ್ಣಿನ ಗೆರೆಯ ಕೆಳಗಿನಿಂದಲೇ ಆರಂಭಿಸುತ್ತದೆ. ಎರಡನ್ನೂ ಕೂಡಿಸಬೇಕಾದರೆ ನಳಿಗೆಯ ಮುಖವು ದೃಷ್ಟಿರೇಖೆಯ ಕಡೆಗೆ ತುಸುವೇ ಮೇಲೆ ನೋಡುವಂತೆ ಸೈಟನ್ನು ಅಳವಡಿಸಬೇಕಾಗುತ್ತದೆ.

ಬೀಳುತ್ತಲೇ ಓಡುವ ಗುಂಡು

ಸಮಸ್ಯೆ ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ನಳಿಗೆಯ ಬಾಯನ್ನು ದಾಟಿದ ಕ್ಷಣದಿಂದಲೇ ಗುಂಡು ಬೀಳತೊಡಗುತ್ತದೆ. ಸಮತಲವಾಗಿ ಹಾರಿಸಿದ ಗುಂಡೊಂದನ್ನೂ, ಅದೇ ಕ್ಷಣದಲ್ಲಿ ಅದೇ ಎತ್ತರದಿಂದ ಬೆರಳು ಸಡಿಲಿಸಿ ಬಿಟ್ಟ ಮಕ್ಕಳ ಗೋಲಿಯೊಂದನ್ನೂ ಭೂಮಿಯು ಸಮಾನವಾಗಿಯೇ ಸೆಳೆಯುತ್ತದೆ. ಗೋಲಿ ನೆಲ ಮುಟ್ಟುವ ಹೊತ್ತಿಗೆ ಗುಂಡೂ ನೆಲ ಮುಟ್ಟುತ್ತದೆ; ಭೇದವೇನಿದ್ದರೂ ಅಷ್ಟರಲ್ಲಿ ಅದು ಎಷ್ಟು ದೂರ ಓಡಿರುತ್ತದೆ ಎಂಬುದರಲ್ಲಿ ಮಾತ್ರ. ಎಸೆದ ವಸ್ತುವಿನ ದಾರಿ ನೇರವಾಗಿರದೆ ಬಾಗಿರುತ್ತದೆ ಎಂಬುದನ್ನು ಗಣಿತದಿಂದ ಸ್ಥಾಪಿಸಿದವನು ಇಟಲಿಯ ಗೆಲಿಲಿಯೊ; ಆ ವಿಚಾರವನ್ನೊಳಗೊಂಡ ಅವನ ಗ್ರಂಥ 1638ರಲ್ಲಿ ಪ್ರಕಟವಾಯಿತು. ಆದರೆ ಅವನ ಲೆಕ್ಕದಲ್ಲಿ ಗಾಳಿಯ ಅಡ್ಡಿಗೆ ಹೆಚ್ಚಿನ ಸ್ಥಾನವಿರಲಿಲ್ಲ. ಆ ಕೊರತೆಯನ್ನು ಎತ್ತಿ ತೋರಿಸಿದವನು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್. ತೂಗುಹಾಕಿದ ದಿಮ್ಮಿಗೆ ಗುಂಡು ಹಾರಿಸಿ, ದಿಮ್ಮಿ ಎಷ್ಟು ಓಲಾಡಿತೆಂಬುದರಿಂದ ಗುಂಡಿನ ವೇಗವನ್ನು ಅಳೆಯುವ ಉಪಾಯವನ್ನು ಅವನು 1742ರಲ್ಲಿ ಪ್ರಕಟಿಸಿದನು. ಗಾಳಿಯ ತಡೆ ಅದುವರೆಗೆ ಎಣಿಸಿದ್ದಕ್ಕಿಂತ ಬಹು ದೊಡ್ಡದೆಂಬುದು ಆಗ ಬೆಳಕಿಗೆ ಬಂದಿತು. ಈ ರಾಬಿನ್ಸ್ ಮಹಾಶಯನು ಮುಂದೆ ಈಸ್ಟ್ ಇಂಡಿಯಾ ಕಂಪೆನಿಯ ಇಂಜಿನಿಯರನಾಗಿ ದಕ್ಷಿಣ ಭಾರತಕ್ಕೆ ಬಂದು, 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನೆಂಬುದು ಅನೇಕರಿಗೆ ತಿಳಿಯದ ಸಂಗತಿ.

ಪಿಸ್ತೂಲಿನ ಸಮೀಪದ ದೂರಗಳಲ್ಲಿ ಗಾಳಿಯ ತಡೆಯನ್ನು ಬದಿಗಿರಿಸಿ ಸ್ಥೂಲವಾಗಿ ಲೆಕ್ಕ ಹಾಕಿದರೂ ವಿಷಯ ಸ್ಪಷ್ಟವಾಗುತ್ತದೆ. 9 ಮಿಲಿಮೀಟರಿನ ಗುಂಡು ಸೆಕೆಂಡಿಗೆ 350 ಮೀಟರ್ ವೇಗದಲ್ಲಿ ಹೊರಟಿತೆನ್ನೋಣ. ಅದು 10 ಮೀಟರ್ ಕ್ರಮಿಸುವಷ್ಟರಲ್ಲಿ ಅರ್ಧ ಸೆಂಟಿಮೀಟರಿಗಿಂತ ಕಡಿಮೆ ಇಳಿದಿರುತ್ತದೆ; 25 ಮೀಟರಿನಲ್ಲಿ ಎರಡೂವರೆ ಸೆಂಟಿಮೀಟರ್; 50 ಮೀಟರಿನಲ್ಲಿ 10 ಸೆಂಟಿಮೀಟರ್; 100 ಮೀಟರಿನಲ್ಲಿ 40 ಸೆಂಟಿಮೀಟರ್. ದೂರ ಎರಡರಷ್ಟಾದರೆ ಇಳಿತ ನಾಲ್ಕರಷ್ಟಾಗುತ್ತದೆ. ನೂರು ಗಜದ ಟೋಪಿಯನ್ನು ಹಾರಿಸಿದ ಚಲನಚಿತ್ರದ ನಾಯಕನು ಈ ಮೊಳದುದ್ದದ ಇಳಿತವನ್ನು ಕುದುರೆಯ ಮೇಲೆಯೇ ಲೆಕ್ಕ ಹಾಕಿದನೆಂದು ನಂಬಬೇಕಷ್ಟೆ!

ಒಂದೇ ಗೆರೆ, ಎರಡು ಸಂಧಿ

ಇಲ್ಲಿಯೇ ಸೊನ್ನೆಯ ಸ್ವಾರಸ್ಯವಿರುವುದು. ಗುಂಡು ದೃಷ್ಟಿರೇಖೆಯ ಕೆಳಗಿನಿಂದ ಹೊರಟು ಮೇಲಕ್ಕೇರುತ್ತ ಆ ರೇಖೆಯನ್ನು ಒಮ್ಮೆ ದಾಟುತ್ತದೆ; ಸ್ವಲ್ಪ ದೂರ ಅದರ ಮೇಲೆ ಸಾಗಿ, ಬಾಗಿ ಇಳಿಯುತ್ತ ಮತ್ತೊಮ್ಮೆ ದಾಟುತ್ತದೆ. ಆದ್ದರಿಂದ ಸಾಮಾನ್ಯವಾಗಿ ಸೊನ್ನೆ ಒಂದಲ್ಲ, ಎರಡು.

ಮೇಲೆ ಹೇಳಿದ ಪಿಸ್ತೂಲನ್ನೇ 25 ಮೀಟರಿಗೆ ಹೊಂದಿಸಿದರೆ ಅದರ ಹತ್ತಿರದ ಸಂಧಿ 15 ಮೀಟರಿನಲ್ಲಿ ಬೀಳುತ್ತದೆ. 5 ಮೀಟರಿನಲ್ಲಿ ಗುಂಡು ಗುರಿಗಿಂತ 8 ಮಿಲಿಮೀಟರ್ ಕೆಳಗೆ ತಾಕುತ್ತದೆ, 10 ಮೀಟರಿನಲ್ಲಿ 3 ಮಿಲಿಮೀಟರ್ ಕೆಳಗೆ; 15ರಿಂದ 25ರವರೆಗೆ ಕಣ್ಣಿಗೆ ಕಾಣದಷ್ಟು, ಒಂದು ಮಿಲಿಮೀಟರಿನ ಆಸುಪಾಸಿನಲ್ಲಿ, ಮೇಲೆ; 50 ಮೀಟರಿನಲ್ಲಿ ಮೂರೂವರೆ ಸೆಂಟಿಮೀಟರ್ ಕೆಳಗೆ. ಅದನ್ನೇ 10 ಮೀಟರಿಗೆ ಹೊಂದಿಸಿದರೆ ಎರಡನೆಯ ಸಂಧಿ ಮೂವತ್ತೇಳೂವರೆ ಮೀಟರಿಗೆ ಜಿಗಿಯುತ್ತದೆ. 25 ಮೀಟರಿನಲ್ಲಿ ಗುಂಡು ಮುಕ್ಕಾಲು ಸೆಂಟಿಮೀಟರ್ ಮೇಲಿರುತ್ತದೆ. 50 ಮೀಟರಿಗೆ ಹೊಂದಿಸಿದರೆ ಮೊದಲ ಸಂಧಿ ಏಳೂವರೆ ಮೀಟರಿಗೆ ಹಿಂದೆ ಸರಿಯುತ್ತದೆ. 25 ಮೀಟರಿನಲ್ಲಿ ಗುಂಡು ಒಂದು ಮುಕ್ಕಾಲು ಸೆಂಟಿಮೀಟರ್ ಮೇಲಿರುತ್ತದೆ.

ಈ ಅಂಕಿಗಳನ್ನು ನೋಡಿದವರು, 'ಇಷ್ಟು ಸಣ್ಣ ಅಂತರಕ್ಕೆ ಇಷ್ಟೊಂದು ಗದ್ದಲವೇಕೆ?' ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಕಾಗದದ ಮೇಲೆ ಅಂತರ ಸಣ್ಣದು; ಆದರೆ ಸೊನ್ನೆಯ ದೂರವನ್ನು ಆರಿಸುವಾಗ ಗುಂಡಿನ ಬಾಗುವಿಕೆಗಿಂತ ಮಿಗಿಲಾದ ಸಂಗತಿಯೊಂದನ್ನು ಗಮನಿಸಬೇಕಾಗಿದೆ. ಅದೇ ಹೊಂದಿಸುವವನ ತಪ್ಪು. 5 ಮೀಟರಿನಲ್ಲಿ ನಿಂತು ಸೈಟು ಹೊಂದಿಸಿದವನು ಒಂದು ಸೆಂಟಿಮೀಟರಿನ ತಪ್ಪನ್ನು ಉಳಿಸಿಕೊಂಡರೆ ಅದು ಅವನ ಕಣ್ಣಿಗೆ ಬೀಳುವುದೂ ಕಷ್ಟ. ಗುಂಡುಗಳ ತೂತಿನಲ್ಲೇ ಅದು ಮರೆಯಾಗುತ್ತದೆ. ಆದರೆ ಅದೇ ತಪ್ಪು 25 ಮೀಟರಿನಲ್ಲಿ 5 ಸೆಂಟಿಮೀಟರ್ ಆಗುತ್ತದೆ, 50 ಮೀಟರಿನಲ್ಲಿ 10 ಆಗುತ್ತದೆ. ಹತ್ತಿರದ ಗುರಿ ತಪ್ಪನ್ನು ಮುಚ್ಚಿಡುತ್ತದೆ. ದೂರದ ಗುರಿ ಅದನ್ನು ಬಿಚ್ಚಿ ತೋರಿಸುತ್ತದೆ.

ಹಾಗೆಂದು ಕಲಿಯುವವನನ್ನು ಮೊದಲ ದಿನವೇ 50 ಮೀಟರಿನಲ್ಲಿ ನಿಲ್ಲಿಸುವುದೂ ವಿವೇಕವಲ್ಲ. ಅವನ ಗುಂಡುಗಳು ತಟ್ಟೆಯಗಲಕ್ಕೆ ಚೆದರಿರುತ್ತವೆ. ಅವುಗಳ ನಡುಮಧ್ಯ ಎಲ್ಲಿದೆಯೆಂದು ಹುಡುಕುವುದೇ ಕಷ್ಟವಾಗುತ್ತದೆ. ಆದ್ದರಿಂದ ಬಲ್ಲವರು ಮಧ್ಯಮಾರ್ಗವನ್ನು ಹಿಡಿಯುತ್ತಾರೆ. ಮೊದಲು ಹತ್ತಿರದಲ್ಲಿ, ಹತ್ತೋ ಹದಿನೈದೋ ಮೀಟರಿನಲ್ಲಿ, ಸೈಟನ್ನು ಸ್ಥೂಲವಾಗಿ ಹೊಂದಿಸಿ, ಬಳಿಕ 25 ಮೀಟರಿಗೆ ಹಿಂದೆ ಸರಿದು ಅದನ್ನು ದೃಢಪಡಿಸಿಕೊಳ್ಳುತ್ತಾರೆ. ಮೇಲಿನ ಲೆಕ್ಕದ ಪ್ರಕಾರ 15ರ ಸಂಧಿಯೂ 25ರ ಸಂಧಿಯೂ ಒಂದೇ ಹೊಂದಿಕೆಯಿಂದ ಸಿಗುವುದರಿಂದ ಈ ಕ್ರಮಕ್ಕೆ ಗಣಿತದ ಬೆಂಬಲವೂ ಇದೆ. ಅಮೆರಿಕದ ಗುರಿಕಾರರು ಬಹುಕಾಲದಿಂದ 25 ಗಜವನ್ನು, ಎಂದರೆ 22.86 ಮೀಟರನ್ನು, ಮೆಚ್ಚಿಕೊಂಡು ಬಂದಿರುವುದಕ್ಕೂ ಇದು ಒಂದು ಸಮಾಧಾನವೆನ್ನಬಹುದು.

ಸ್ಪರ್ಧೆಯ ಕಟ್ಟಳೆ

ಒಲಿಂಪಿಕ್ ಸ್ಪರ್ಧಾಳುವಿಗೆ ಈ ಆಯ್ಕೆಯ ತೊಡಕಿಲ್ಲ. ದೂರವನ್ನು ನಿಯಮವೇ ನಿಶ್ಚಯಿಸಿರುತ್ತದೆ. ಏರ್ ಪಿಸ್ತೂಲಿಗೆ 10 ಮೀಟರ್. ರ‍್ಯಾಪಿಡ್ ಫೈರ್ ಮತ್ತು ಮಹಿಳೆಯರ ಸ್ಪೋರ್ಟ್ಸ್ ಪಿಸ್ತೂಲಿಗೆ 25 ಮೀಟರ್. 50 ಮೀಟರಿನ ಪಿಸ್ತೂಲು ಸ್ಪರ್ಧೆ 2016ರ ರಿಯೊ ಕ್ರೀಡೆಯೊಂದಿಗೆ ಒಲಿಂಪಿಕ್ಸಿನಿಂದ ಮರೆಯಾಯಿತು. ಬೆಂಗಳೂರಿನ ಪ್ರಕಾಶ್ ನಂಜಪ್ಪ ರಿಯೊದಲ್ಲಿ ಗುರಿಯಿಟ್ಟದ್ದು ಆ 50 ಮೀಟರಿಗೇ. ಅದಕ್ಕೆ ಎರಡು ವರ್ಷ ಮುಂಚೆ, 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡೆಯಲ್ಲಿ, ಅವರಿಗೆ ಬೆಳ್ಳಿಯ ಪದಕ ದೊರೆತದ್ದು 10 ಮೀಟರಿನ ಏರ್ ಪಿಸ್ತೂಲಿನಲ್ಲಿ. ಎರಡು ದೂರ, ಎರಡು ಪಿಸ್ತೂಲು, ಎರಡು ಸೊನ್ನೆ.

ನಿಯಮ ದೂರವನ್ನು ಕೊಟ್ಟರೂ ಆ ದೂರಕ್ಕೆ ಸೈಟನ್ನು ಹೊಂದಿಸುವ ಭಾರ ಸ್ಪರ್ಧಾಳುವಿನದೇ. 25 ಮೀಟರಿನ ನಿಖರ ಸ್ಪರ್ಧೆಗೂ 50 ಮೀಟರಿನ ಸ್ಪರ್ಧೆಗೂ ಗುರಿಫಲಕ ಒಂದೇ. ಹತ್ತು ಅಂಕದ ವೃತ್ತದ ಅಡ್ಡಳತೆ ಎರಡರಲ್ಲೂ 5 ಸೆಂಟಿಮೀಟರ್. ಸೆಕೆಂಡಿಗೆ 300 ಮೀಟರ್ ವೇಗದ 5.6 ಮಿಲಿಮೀಟರ್ ಗುಂಡನ್ನು 25 ಮೀಟರಿಗೆ ಹೊಂದಿಸಿ, ಸೈಟನ್ನು ಮುಟ್ಟದೆ 50 ಮೀಟರಿನಲ್ಲಿ ಹಾರಿಸಿದರೆ, ಅದು ಕೇಂದ್ರಕ್ಕಿಂತ 5 ಸೆಂಟಿಮೀಟರಿಗೂ ಮಿಕ್ಕು ಕೆಳಗೆ, ಎಂಟು ಒಂಬತ್ತರ ಗಡಿಯಲ್ಲಿ, ತಾಕುತ್ತದೆ. ಕೈ ಬಂಡೆಯಂತೆ ನಿಂತಿದ್ದರೂ ಪ್ರತಿ ಗುಂಡಿಗೂ ಒಂದೆರಡು ಅಂಕ ನಷ್ಟ; 60 ಗುಂಡುಗಳ ಸ್ಪರ್ಧೆಯಲ್ಲಿ ಇದು ಎಲ್ಲಿಗೆ ಮುಟ್ಟುವುದೆಂಬುದನ್ನು ಹೇಳಬೇಕಾಗಿಲ್ಲ.

'ಸ್ವಲ್ಪ ಮೇಲೆ ಹಿಡಿದರಾಯಿತು' ಎನ್ನುವವರೂ ಉಂಟು. ರ‍್ಯಾಪಿಡ್ ಫೈರ್ ಸ್ಪರ್ಧೆಯಲ್ಲಿ ಸಾಲಾಗಿ ನಿಂತ ಐದು ಗುರಿಗಳಿಗೆ ಒಂದೊಂದು ಗುಂಡನ್ನು ಮೊದಲು 8 ಸೆಕೆಂಡಿನಲ್ಲಿ, ಆಮೇಲೆ 6ರಲ್ಲಿ, ಕೊನೆಗೆ 4 ಸೆಕೆಂಡಿನಲ್ಲಿ ಹಾರಿಸಬೇಕು. ಆ ನಾಲ್ಕು ಸೆಕೆಂಡಿನಲ್ಲಿ ಮೇಲೆ ಕೆಳಗೆ ಎಂದು ತರ್ಕಿಸಲು ಯಾರಿಗೆ ವ್ಯವಧಾನವಿದೆ? ಸೈಟನ್ನು ಕಣ್ಣುಮುಚ್ಚಿ ನಂಬುವಂತಿರಬೇಕು. ಭಾರತದ ವಿಜಯ ಕುಮಾರ್ 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಬೆಳ್ಳಿಯನ್ನು ಗೆದ್ದದ್ದು ಈ ಕಠಿನ ಸ್ಪರ್ಧೆಯಲ್ಲಿಯೇ.

ಇದೇ ಸ್ಪರ್ಧೆಯ ಚರಿತ್ರೆಯಲ್ಲಿ ಮರೆಯಲಾಗದ ಹೆಸರು ಹಂಗೆರಿಯ ಕಾರೊಲಿ ಟಾಕಾಚ್. ಸೈನ್ಯದಲ್ಲಿದ್ದ ಆತನ ಬಲಗೈ 1938ರಲ್ಲಿ ಗ್ರೆನೇಡೊಂದು ಸಿಡಿದು ಛಿದ್ರವಾಯಿತು. ಗುರಿ ಹಿಡಿದ ಕೈಯೇ ಹೋದಮೇಲೆ ಮತ್ತೇನು ಉಳಿಯಿತೆಂದು ಇತರರು ಮರುಗುತ್ತಿದ್ದಾಗ ಆತನು ಎಡಗೈಯಿಂದ ಅಭ್ಯಾಸ ಮಾಡಿದನು. ಮರುವರ್ಷವೇ ತನ್ನ ದೇಶದ ಪಿಸ್ತೂಲು ಸ್ಪರ್ಧೆಯಲ್ಲಿ ಗೆದ್ದನು. ಮಹಾಯುದ್ಧ ಕಳೆದು 1948ರಲ್ಲಿ ಲಂಡನ್ ಒಲಿಂಪಿಕ್ಸ್ ನಡೆದಾಗ ಆತನಿಗೆ 38 ವರ್ಷ. ಇಲ್ಲಿಗೇಕೆ ಬಂದೆಯೆಂದು ಅರ್ಜೆಂಟೀನದ ವಿಶ್ವ ಚಾಂಪಿಯನ್ ಕೇಳಿದಾಗ, ಕಲಿಯುವುದಕ್ಕೆ ಬಂದಿದ್ದೇನೆ ಎಂದು ಆತನು ವಿನಯದಿಂದ ಉತ್ತರಿಸಿದ ಕಥೆ ಪ್ರಸಿದ್ಧವಾಗಿದೆ. ಆ ಸ್ಪರ್ಧೆಯಲ್ಲಿ 580 ಅಂಕ ಗಳಿಸಿ ವಿಶ್ವದಾಖಲೆಯೊಡನೆ ಚಿನ್ನವನ್ನು ಪಡೆದವನು ಟಾಕಾಚ್. ಪ್ರಶ್ನೆ ಕೇಳಿದವನಿಗೆ ದೊರೆತದ್ದು ಬೆಳ್ಳಿ. 1952ರ ಹೆಲ್ಸಿಂಕಿಯಲ್ಲಿಯೂ ಚಿನ್ನ ಆತನ ಪಾಲಾಯಿತು. ಗುರಿಕಾರರು ಈ ಕಥೆಯನ್ನು ಧೈರ್ಯಕ್ಕಾಗಿ ಹೇಳುತ್ತಾರೆ. ಜೊತೆಗೆ ನೆನೆಯಬೇಕಾದ ಇನ್ನೊಂದು ಮಾತೂ ಇದೆ: ಒಬ್ಬನ ಸೊನ್ನೆ ಇನ್ನೊಬ್ಬನದಾಗುವುದಿಲ್ಲ. ಹಿಡಿಯುವ ಕೈ, ನೋಡುವ ಕಣ್ಣು, ಬೆರಳಿನ ಒತ್ತಡ ಬದಲಾದರೆ ಗುಂಡು ತಾಕುವ ಜಾಗವೂ ಬದಲಾಗುತ್ತದೆ. ಎರವಲು ತಂದ ಪಿಸ್ತೂಲಿನಿಂದ ಪದಕ ಗೆಲ್ಲುವುದು ಎರವಲು ಕನ್ನಡಕದಿಂದ ಪುಸ್ತಕ ಓದಿದಂತೆಯೇ ಸರಿ.

ಹಕ್ಕಿಯ ಕಣ್ಣಲ್ಲ

ದ್ರೋಣಾಚಾರ್ಯರ ಪರೀಕ್ಷೆಯಲ್ಲಿ ಅರ್ಜುನನಿಗೆ ಹಕ್ಕಿಯ ಕಣ್ಣಲ್ಲದೆ ಬೇರೇನೂ ಕಾಣಲಿಲ್ಲವೆಂಬ ಕಥೆಯನ್ನು ಕೇಳದ ಮಕ್ಕಳಿಲ್ಲ. ಪಿಸ್ತೂಲಿನ ಶಿಕ್ಷಕರು ಮಾತ್ರ ಇದಕ್ಕೆ ವಿರುದ್ಧವಾದುದನ್ನೇ ಬೋಧಿಸುತ್ತಾರೆ. ಮನುಷ್ಯನ ಕಣ್ಣು ಕಚ್ಚು, ಮೊನೆ, ಗುರಿ ಈ ಮೂರನ್ನೂ ಏಕಕಾಲದಲ್ಲಿ ಸ್ಪಷ್ಟವಾಗಿ ಕಾಣಲಾರದು. ಸ್ಪಷ್ಟವಾಗಿ ಕಾಣಬೇಕಾದದ್ದು ಮೊನೆ. ಗುರಿ ಮಸುಕಾಗಿದ್ದರೂ ಅಡ್ಡಿಯಿಲ್ಲ. ಇದಕ್ಕೆ ಕಾರಣ ಸರಳವಾಗಿದೆ. ಮೊನೆಗೂ ಕಚ್ಚಿಗೂ 16 ಸೆಂಟಿಮೀಟರ್ ಅಂತರವಿರುವ ಪಿಸ್ತೂಲಿನಲ್ಲಿ ಮೊನೆಯು ಕಚ್ಚಿನೊಳಗೆ ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ 25 ಮೀಟರಿನಲ್ಲಿ ಗುಂಡು 15 ಸೆಂಟಿಮೀಟರಿಗೂ ಹೆಚ್ಚು ಆಚೆಗೆ ಹೋಗುತ್ತದೆ. ಆದರೆ ಸೈಟು ಸರಿಯಾಗಿ ಹೊಂದಿದ್ದು, ಇಡೀ ಕೈ ಗುರಿಯ ಮೇಲೆ ಒಂದು ಸೆಂಟಿಮೀಟರ್ ತೂಗಾಡಿದರೆ ಗುಂಡು ತಪ್ಪುವುದು ಆ ಒಂದು ಸೆಂಟಿಮೀಟರ್ ಮಾತ್ರ.

ಇನ್ನೊಂದು ವಿಚಿತ್ರವೂ ಉಂಟು. ಅನೇಕ ಸ್ಪರ್ಧಾಳುಗಳು ಗುರಿಯ ಕೇಂದ್ರವನ್ನು ನೋಡುವುದೇ ಇಲ್ಲ. ಕಪ್ಪು ವೃತ್ತದ ನಡುವೆ ಕಪ್ಪು ಮೊನೆಯನ್ನಿಟ್ಟರೆ ಅದು ಕಾಣದಾಗುವುದರಿಂದ ವೃತ್ತದ ಕೆಳಗಿನ ಬಿಳಿಯ ಭಾಗಕ್ಕೆ ಮೊನೆಯನ್ನು ಹಿಡಿಯುತ್ತಾರೆ. ಗುಂಡು ಮಾತ್ರ ಮೇಲಿನ ಕೇಂದ್ರಕ್ಕೆ ಹೋಗುವಂತೆ ಸೈಟನ್ನು ಹೊಂದಿಸಿರುತ್ತಾರೆ. ಆದ್ದರಿಂದ ಯಾವುದಾದರೂ ಸೊನ್ನೆಯನ್ನು ಹೇಳುವಾಗ ಎಷ್ಟು ದೂರಕ್ಕೆ ಎಂಬುದರ ಜೊತೆಗೆ ಎಲ್ಲಿ ಹಿಡಿದು ಎಂಬುದನ್ನೂ, ಯಾವ ಗುಂಡಿನಿಂದ ಎಂಬುದನ್ನೂ ಹೇಳಬೇಕು. ಗುಂಡಿನ ತೂಕವೋ ವೇಗವೋ ಬದಲಾದರೆ ಹಳೆಯ ಸೊನ್ನೆ ಹಳೆಯದಾಗಿಯೇ ಹೋಯಿತು.

ದಶಾಂಶದ ಬೆಲೆ

ಈ ಸೂಕ್ಷ್ಮತೆಯ ಬೆಲೆ ಎಷ್ಟೆಂಬುದನ್ನು 2024ರ ಪ್ಯಾರಿಸ್ ಒಲಿಂಪಿಕ್ಸ್ ತೋರಿಸಿಕೊಟ್ಟಿತು. ಮನು ಭಾಕರ್ 2021ರಲ್ಲಿ ನಡೆದ ಟೋಕಿಯೊ ಕ್ರೀಡೆಯಲ್ಲಿ ಪಿಸ್ತೂಲು ಕೆಟ್ಟು, ಅಮೂಲ್ಯವಾದ ಕೆಲವು ನಿಮಿಷಗಳನ್ನು ಕಳೆದುಕೊಂಡು, ಅಂತಿಮ ಸುತ್ತಿಗೆ ಹೋಗದೆ ಹಿಂದಿರುಗಿದ್ದರು. ಪ್ಯಾರಿಸಿನಲ್ಲಿ 10 ಮೀಟರಿನ ಏರ್ ಪಿಸ್ತೂಲಿನ ಅಂತಿಮ ಸುತ್ತಿನಲ್ಲಿ 22 ಗುಂಡುಗಳಾದ ಮೇಲೆ ಅವರು ಎದುರಾಳಿಗಿಂತ ಹಿಂದಿದ್ದದ್ದು ಕೇವಲ 0.1 ಅಂಕದಿಂದ. ಕಂಚು ಅವರದಾಯಿತು, ಒಲಿಂಪಿಕ್ಸಿನ ಗುರಿಸ್ಪರ್ಧೆಯಲ್ಲಿ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ ಎಂಬ ಕೀರ್ತಿಯೂ ಬಂದಿತು. ಸರಬ್‌ಜೋತ್ ಸಿಂಗ್ ಅವರೊಡನೆ ಮಿಶ್ರ ಸ್ಪರ್ಧೆಯಲ್ಲಿ ಇನ್ನೊಂದು ಕಂಚು ದೊರೆಯಿತು. ಬೇರೊಂದು ಪಿಸ್ತೂಲಿನ, ಬೇರೊಂದು ಸೊನ್ನೆಯ 25 ಮೀಟರ್ ಸ್ಪರ್ಧೆಯಲ್ಲಿ ಅವರು ನಾಲ್ಕನೆಯವರಾದರು.

ಆ 0.1 ಅಂಕ ಎಂದರೆ ಏನು? ಏರ್ ಪಿಸ್ತೂಲಿನ ಫಲಕದಲ್ಲಿ ಹತ್ತರ ವೃತ್ತದ ಅಡ್ಡಳತೆ 11.5 ಮಿಲಿಮೀಟರ್, ಒಂದು ವೃತ್ತಕ್ಕೂ ಮುಂದಿನದಕ್ಕೂ 8 ಮಿಲಿಮೀಟರ್. ಹಾಗಾದರೆ 0.1 ಅಂಕವೆಂದರೆ 0.8 ಮಿಲಿಮೀಟರ್, ಅದೂ 22 ಗುಂಡುಗಳ ಒಟ್ಟು ಮೊತ್ತದಲ್ಲಿ. ಸೈಟಿನ ಭಾಷೆಯಲ್ಲಿ ಹೇಳುವುದಾದರೆ, ಒಂದು ಗುಂಡಿನಲ್ಲಿ ಮೊನೆಯು ಕಚ್ಚಿನೊಳಗೆ ತಲೆಗೂದಲಿನ ಅರ್ಧ ದಪ್ಪಕ್ಕಿಂತಲೂ ಕಡಿಮೆ ಸರಿದರೆ ಆಗುವಷ್ಟು ವ್ಯತ್ಯಾಸ.

ತಿರುಪನ್ನು ತಿರುಗಿಸುವ ಮುನ್ನ

ಪದಕಗಳ ಸುದ್ದಿ ಬಂದಂದಿನಿಂದ ನಗರದ ಅನೇಕ ಮನೆಗಳ ಬಾಲಕ ಬಾಲಕಿಯರು ಏರ್ ಪಿಸ್ತೂಲನ್ನು ಕಲಿಯಲು ಉತ್ಸಾಹ ತೋರಿಸುತ್ತಿದ್ದಾರೆ. ಅಂಥವರ ತಂದೆತಾಯಿಗಳಿಗೆ ಉಪಯೋಗವಾಗಬಹುದಾದ ಒಂದೆರಡು ಮಾತುಗಳು ಇಲ್ಲಿ ಅಪ್ರಸ್ತುತವಲ್ಲ. ಅಭ್ಯಾಸ ನಡೆಯಬೇಕಾದದ್ದು ಅಂಗೀಕೃತ ಕೇಂದ್ರದಲ್ಲಿ, ಶಿಕ್ಷಕರ ಕಣ್ಣೆದುರಿನಲ್ಲಿ. ಮನೆಯ ಮಾಳಿಗೆ ಅದಕ್ಕೆ ತಕ್ಕ ಸ್ಥಳವಲ್ಲ. ಖಾಲಿಯೆಂದು ತಿಳಿದ ಪಿಸ್ತೂಲಿನ ಬಾಯನ್ನೂ ಮನುಷ್ಯರ ಕಡೆಗೆ ತಿರುಗಿಸಕೂಡದೆಂಬುದು ಮೊದಲ ಪಾಠ.

ಎರಡನೆಯದು ತಾಳ್ಮೆಯ ಪಾಠ. ಹೊಸಬರು ಒಂದು ಗುಂಡು ಕೆಳಗೆ ಬಿದ್ದೊಡನೆ ಸೈಟಿನ ತಿರುಪಿಗೆ ಕೈ ಹಾಕುತ್ತಾರೆ; ಮುಂದಿನದು ಮೇಲೆ ಹೋದರೆ ಮತ್ತೆ ಹಿಂದಕ್ಕೆ ತಿರುಗಿಸುತ್ತಾರೆ. ಹೀಗೆ ಸಂಜೆಯವರೆಗೆ ಸೈಟು ಓಲಾಡುತ್ತದೆ, ಸೊನ್ನೆ ಸಿಗುವುದಿಲ್ಲ. ಒಂದು ಗುಂಡು ಏನನ್ನೂ ಹೇಳದು. ಐದು ಗುಂಡುಗಳನ್ನು ಒಂದೇ ರೀತಿಯಾಗಿ ಹಾರಿಸಿ ಅವುಗಳ ಗುಂಪನ್ನು ನೋಡಬೇಕು. ಗುಂಪು ಚೆದರಿದ್ದರೆ ದೋಷ ಕೈಯದು. ತಿರುಪು ಅದನ್ನು ತಿದ್ದಲಾರದು. ಗುಂಪು ಒತ್ತಾಗಿದ್ದು ಕೇಂದ್ರದಿಂದ ದೂರವಿದ್ದರೆ ಮಾತ್ರ ದೋಷ ಸೈಟಿನದು. ಆಗ ಗುಂಡು ಯಾವ ಕಡೆಗೆ ಸರಿಯಬೇಕೋ ಆ ಕಡೆಗೇ ಹಿಂದಿನ ಕಚ್ಚನ್ನು ಸರಿಸಬೇಕು. ಎಷ್ಟು ಸರಿಸಬೇಕೆಂಬ ಲೆಕ್ಕವನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಮಾಡಬಲ್ಲನು: ತಪ್ಪಿದ ಅಂತರವನ್ನು ಮೊನೆ ಕಚ್ಚುಗಳ ನಡುವಣ ಅಂತರದಿಂದ ಗುಣಿಸಿ ಗುರಿಯ ದೂರದಿಂದ ಭಾಗಿಸಿದರಾಯಿತು. 25 ಮೀಟರಿನಲ್ಲಿ ಗುಂಪು 5 ಸೆಂಟಿಮೀಟರ್ ಕೆಳಗಿದ್ದು, ಮೊನೆಗೂ ಕಚ್ಚಿಗೂ 16 ಸೆಂಟಿಮೀಟರ್ ಇದ್ದರೆ, ಕಚ್ಚು ಏರಬೇಕಾದದ್ದು 0.32 ಮಿಲಿಮೀಟರ್. ಅಷ್ಟನ್ನು ಮಾಡಿ, ಮತ್ತೆ ಐದು ಗುಂಡು ಹಾರಿಸಿ ನೋಡಿ, ದಿನಾಂಕ, ದೂರ, ಗುಂಡಿನ ಬಗೆಗಳೊಡನೆ ಒಂದು ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯ ಅಭ್ಯಾಸ.

ಎಲ್ಲ ದೂರಕ್ಕೂ ಸಲ್ಲುವ ಸೊನ್ನೆ ಯಾವ ಪಿಸ್ತೂಲಿಗೂ ಇಲ್ಲ. ತಾನು ಯಾವ ದೂರದಲ್ಲಿ ಹೆಚ್ಚಾಗಿ ಗುರಿಯಿಡಬೇಕಾಗಿದೆಯೆಂಬುದನ್ನು ಅರಿತು ಅದನ್ನು ಆರಿಸಿಕೊಂಡು, ಉಳಿದ ದೂರಗಳಲ್ಲಿ ಗುಂಡು ಎಷ್ಟು ಮೇಲೆ, ಎಷ್ಟು ಕೆಳಗೆ ಎಂಬುದನ್ನು ತಿಳಿದಿದ್ದರೆ ಸಾಕು. ಏರ್ ಪಿಸ್ತೂಲನ್ನು ಕಲಿಯುವ ಹುಡುಗಿಗೆ ಆ ದೂರ 10 ಮೀಟರ್. ಅವಳ ಮೊದಲ ಐದು ಗುಂಡುಗಳು ಒಂದೇ ಕಡೆ, ಕೇಂದ್ರದಿಂದ ಎಷ್ಟೇ ದೂರದಲ್ಲಾದರೂ ಒಂದೇ ಕಡೆ, ಬಿದ್ದ ದಿನ ಮನೆಯವರು ಸಂತೋಷಪಡಬಹುದು. ಉಳಿದದ್ದು ತಿರುಪಿನ ಕೆಲಸ.